ಅರ್ಜಿದಾರನಿಲ್ಲದ ಅರ್ಜಿ

'ಫುಟ್‌ಬಾಲ್ ಮ್ಯಾನೇಜರ್' ಎಂಬ ಕಂಪ್ಯೂಟರ್ ಆಟದಲ್ಲಿ ಚೆಂಡು ಒದೆಯುವ ಕೆಲಸ ನಮ್ಮದಲ್ಲ. ಅಲ್ಲಿ ನಾವು ಒಂದು ಕ್ಲಬ್ಬಿನ ಮ್ಯಾನೇಜರ್. ಆಟಗಾರರನ್ನು ಹುಡುಕಬೇಕು, ಕೊಳ್ಳಬೇಕು, ಮಾರಬೇಕು, ಸಂಬಳದ ಮಾತುಕತೆ ಮುಗಿಸಬೇಕು, ಹನ್ನೊಂದು ಮಂದಿಯನ್ನು ಮೈದಾನಕ್ಕಿಳಿಸಿ ಗೆರೆಯಾಚೆ ನಿಂತು ನೋಡಬೇಕು. ಆಟದ ಬಹುಪಾಲು ನಡೆಯುವುದು ಓದಿನಲ್ಲಿ. ಇನ್‌ಬಾಕ್ಸಿಗೆ ಬರುವ ಪತ್ರಗಳು, ಸ್ಕೌಟ್‌ಗಳು ಕಳಿಸುವ ವರದಿಗಳು, ಒಂದರಿಂದ ಇಪ್ಪತ್ತರವರೆಗಿನ ಅಂಕಗಳಲ್ಲಿ ಅಳೆದಿಟ್ಟ ಮನುಷ್ಯರ ಪಟ್ಟಿಗಳು. ಅಕ್ಷರ ಬಾರದವರು ಆಡಲಾಗದ ಆಟ ಇದು. ಆದ್ದರಿಂದಲೇ ಇದನ್ನು ಒಂದು ಪಠ್ಯ ಎಂದು ಓದುವುದರಲ್ಲಿ ನನಗೆ ಅಳುಕಿಲ್ಲ.

ಆ ಇನ್‌ಬಾಕ್ಸಿಗೆ ಬರುವ ಒಂದೇ ಒಂದು ಪತ್ರದ ಬಗ್ಗೆ ಈ ಬರಹ. ಇಂಗ್ಲೆಂಡಿನ ಸಾಧಾರಣ ಕ್ಲಬ್ಬೊಂದನ್ನು ನಡೆಸುತ್ತಿದ್ದೇವೆ ಅಂದುಕೊಳ್ಳಿ. ತಿಂಗಳುಗಟ್ಟಲೆ ಹುಡುಕಿ, ಏಷ್ಯಾದಲ್ಲೋ ಆಫ್ರಿಕಾದಲ್ಲೋ ಇರುವ ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಕಂಡುಕೊಂಡಿದ್ದೇವೆ. ಅವನ ಕ್ಲಬ್ ಒಪ್ಪಿದೆ, ಅವನೂ ಒಪ್ಪಿದ್ದಾನೆ. ಕೆಲವು ದಿನಗಳ ನಂತರ ಪತ್ರ ಬರುತ್ತದೆ. ಅದರ ಸಾರ ಇಷ್ಟೇ: ವರ್ಕ್ ಪರ್ಮಿಟ್ ಸಿಗಲಿಲ್ಲ, ಒಪ್ಪಂದ ಬಿದ್ದುಹೋಯಿತು. ಪರದೆಯ ಮೇಲ್ತುದಿಯಲ್ಲಿ 'ಕಂಟಿನ್ಯೂ' ಎಂಬ ಗುಂಡಿ ಕಾಯುತ್ತಿರುತ್ತದೆ. ಒತ್ತಿದರೆ ಮರುದಿನ. ಹುಡುಗನ ವಿಷಯ ಅಲ್ಲಿಗೆ ಮುಗಿಯಿತು.

ನಾನು ಸಂಶೋಧನಾ ವಿದ್ಯಾರ್ಥಿ. ಕನ್ನಡ ಕಾದಂಬರಿಗಳಲ್ಲಿ ಅರ್ಜಿ, ಅಪ್ಪಣೆ, ಕಚೇರಿಗಳು ಹೇಗೆ ಬರುತ್ತವೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಹಗಲು ಆ ಕೆಲಸ, ರಾತ್ರಿ ಹಾಸ್ಟೆಲ್ಲಿನಲ್ಲಿ ಈ ಆಟ. ಎರಡೂ ಒಂದೇ ಕೆಲಸ ಎಂದು ನನ್ನ ಗೈಡ್‌ಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಆದರೆ ಹಗಲು ಓದುವ ಪುಸ್ತಕಗಳಿಂದ ಕಲಿತ ಒಂದು ಪ್ರಶ್ನೆಯನ್ನು ಈ ಆಟಕ್ಕೆ ಕೇಳದೆ ಇರಲಾಗುತ್ತಿಲ್ಲ: ಕಚೇರಿಯಿಂದ 'ಇಲ್ಲ' ಎಂಬ ಉತ್ತರ ಬಂದ ಮೇಲೆ ಕಥೆ ಯಾರ ಮನೆಗೆ ಹೋಗುತ್ತದೆ?

*

ಮೊದಲು ಆ ಕಚೇರಿಯ ವಿಷಯ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹೊರಗಿನವರನ್ನು ತಡೆಯುವ ಗೋಡೆ ಇಂದು ನಿನ್ನೆಯದಲ್ಲ. 1930ರಲ್ಲಿ ಆರ್ಸೆನಲ್ ಕ್ಲಬ್ ಆಸ್ಟ್ರಿಯಾದ ಗೋಲ್‌ಕೀಪರ್ ರೂಡಿ ಹಿಡೆನ್‌ನನ್ನು ಕರೆಸಿಕೊಳ್ಳಲು ಹೊರಟಾಗ ಅಲ್ಲಿನ ಕಾರ್ಮಿಕ ಇಲಾಖೆ ಅವನನ್ನು ಒಳಗೆ ಬಿಡಲಿಲ್ಲ. ಮರುವರ್ಷ ಫುಟ್‌ಬಾಲ್ ಸಂಸ್ಥೆಯೇ ಒಂದು ನಿಯಮ ಮಾಡಿತು: ಎರಡು ವರ್ಷ ಬ್ರಿಟನ್ನಿನಲ್ಲಿ ವಾಸವಿಲ್ಲದ ಹೊರದೇಶದವರು ವೃತ್ತಿಪರವಾಗಿ ಆಡುವಂತಿಲ್ಲ. ಆ ನಿಯಮ 1978ರವರೆಗೆ ಉಳಿಯಿತು. ಅದು ಹೋದ ವರ್ಷವೇ ಅರ್ಜೆಂಟೀನಾದ ಆರ್ಡಿಲೆಸ್ ಮತ್ತು ವಿಯ್ಯಾ ಟಾಟ್ನಮ್ ಕ್ಲಬ್ಬಿಗೆ ಬಂದಿಳಿದರು.

1995ರ ಬಾಸ್ಮನ್ ತೀರ್ಪಿನ ನಂತರ ಯೂರೋಪಿಯನ್ ಒಕ್ಕೂಟದ ಆಟಗಾರರಿಗೆ ಬಾಗಿಲು ಪೂರ್ತಿ ತೆರೆಯಿತು. ಉಳಿದವರಿಗೆ ಒಂದು ಲೆಕ್ಕ ಇತ್ತು. ಆಟಗಾರನ ದೇಶ ಫಿಫಾ ಶ್ರೇಯಾಂಕದಲ್ಲಿ ಮೊದಲ 70ರೊಳಗೆ ಇರಬೇಕು, ಹಿಂದಿನ ಎರಡು ವರ್ಷಗಳಲ್ಲಿ ಆ ದೇಶದ ಮುಖ್ಯ ಪಂದ್ಯಗಳ ಪೈಕಿ ಶೇ. 75ರಲ್ಲಿ ಅವನು ಆಡಿರಬೇಕು. 2015ರಲ್ಲಿ ಇದು ಬಿಗಿಯಾಯಿತು. 70 ಹೋಗಿ 50 ಆಯಿತು. ಮೊದಲ ಹತ್ತು ಸ್ಥಾನದ ದೇಶದವನಾದರೆ ಶೇ. 30 ಪಂದ್ಯ ಸಾಕು, 31ರಿಂದ 50ರೊಳಗಿನ ದೇಶದವನಾದರೆ ಶೇ. 75 ಬೇಕು. ಬ್ರೆಕ್ಸಿಟ್ ಜಾರಿಯಾದ ಮೇಲೆ, 2021ರ ಜನವರಿಯಿಂದ, ಅಂಕಗಳ ಪದ್ಧತಿ ಬಂತು. ದೇಶದ ಪರ ಆಡಿದ್ದೆಷ್ಟು, ಕ್ಲಬ್ಬಿಗೆ ಆಡಿದ ನಿಮಿಷಗಳೆಷ್ಟು, ಆ ಕ್ಲಬ್ ಆಡುವ ಲೀಗ್ ಯಾವ ದರ್ಜೆಯದು, ಲೀಗಿನಲ್ಲಿ ಕ್ಲಬ್ಬಿನ ಸ್ಥಾನ ಎಷ್ಟು, ಎಲ್ಲಕ್ಕೂ ಅಂಕ. 15 ಅಂಕ ಬಂದರೆ ಒಳಗೆ. ಲೀಗುಗಳನ್ನು ಆರು ದರ್ಜೆಗಳಾಗಿ ಸೀಳಿದ್ದಾರೆ. ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್ ಲೀಗುಗಳು ಮೊದಲನೆಯದರಲ್ಲಿ. ನಮ್ಮ ಇಂಡಿಯನ್ ಸೂಪರ್ ಲೀಗ್, ಹೆಸರಿಟ್ಟು ಹೇಳದೆ ಬಿಟ್ಟ ಜಗತ್ತಿನ ಇತರ ಎಲ್ಲ ಲೀಗುಗಳ ಜೊತೆ, ಕೊನೆಯದರಲ್ಲಿ.

ಇಷ್ಟನ್ನೂ ನಾನು ಯಾವ ಕಾನೂನು ಪುಸ್ತಕ ಓದಿಯೂ ಕಲಿಯಲಿಲ್ಲ. ಬಹುಪಾಲು ಈ ಆಟವೇ ಕಲಿಸಿತು. ಕೊಲಿಯರ್ ಸಹೋದರರು 1992ರಲ್ಲಿ 'ಚಾಂಪಿಯನ್‌ಶಿಪ್ ಮ್ಯಾನೇಜರ್' ಎಂಬ ಹೆಸರಿನಲ್ಲಿ ಹೊರತಂದ ಆಟ, ಪ್ರಕಾಶಕರಿಂದ ಬೇರೆಯಾದ ಮೇಲೆ 2004ರ ಕೊನೆಯಿಂದ 'ಫುಟ್‌ಬಾಲ್ ಮ್ಯಾನೇಜರ್' ಆಯಿತು. ಹೊರಗಿನ ನಿಯಮ ಬದಲಾದಂತೆ ಒಳಗಿನ ನಿಯಮವನ್ನೂ ಬದಲಿಸುತ್ತ ಬಂದಿರುವುದು ಅದರ ಹೆಗ್ಗಳಿಕೆ. ಈ ವಾಸ್ತವನಿಷ್ಠೆಯ ಅತ್ಯುತ್ತಮ ಉದಾಹರಣೆ 2016ರ ನವೆಂಬರಿನಲ್ಲಿ ಬಂದ ಆವೃತ್ತಿ. ಆ ವರ್ಷದ ಜೂನಿನಲ್ಲಷ್ಟೇ ಬ್ರಿಟನ್ನಿನ ಜನ ಯೂರೋಪಿಯನ್ ಒಕ್ಕೂಟದಿಂದ ಹೊರಗೆ ಹೋಗಲು ಮತ ಹಾಕಿದ್ದರು. ಹೇಗೆ ಹೋಗುವುದು ಎಂಬುದು ಸರ್ಕಾರಕ್ಕೇ ತಿಳಿದಿರಲಿಲ್ಲ. ಆಟ ಮಾತ್ರ ಹಲವು ಭವಿಷ್ಯಗಳನ್ನು ಬರೆದಿಟ್ಟಿತು. ಒಂದು ಸಲ ಆಡಿದರೆ ಮೆದುವಾದ ಬ್ರೆಕ್ಸಿಟ್, ಫುಟ್‌ಬಾಲಿಗರಿಗೆ ಅಡ್ಡಿಯಿಲ್ಲ. ಇನ್ನೊಂದು ಸಲ ಕಠಿಣವಾದದ್ದು, ಫ್ರಾನ್ಸಿನವನೂ ಬ್ರೆಜಿಲಿನವನೂ ಒಂದೇ ಸಾಲಿನಲ್ಲಿ. ಯಾವುದು ಬರುತ್ತದೋ ಆಡುವವನಿಗೆ ಮೊದಲೇ ಗೊತ್ತಿಲ್ಲ. ಬ್ರೆಕ್ಸಿಟ್ಟನ್ನು ಕುರಿತ ಮೊದಮೊದಲ ಕಥನಗಳಲ್ಲಿ ಇದೂ ಒಂದು ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

*

ಆದರೆ ನಿಯಮವನ್ನು ಕರಾರುವಾಕ್ಕಾಗಿ ತೋರಿಸುವುದು ಬೇರೆ, ನಿಯಮ ಮನುಷ್ಯನಿಗೆ ಏನು ಮಾಡುತ್ತದೆ ಎಂದು ತೋರಿಸುವುದು ಬೇರೆ. ಮೊದಲನೆಯದರಲ್ಲಿ ಈ ಆಟವನ್ನು ಮೀರಿಸುವವರಿಲ್ಲ. ಎರಡನೆಯದರಲ್ಲಿ ಅದು ತನಗೇ ತಿಳಿಯದೆ ಒಂದು ಸತ್ಯ ಹೇಳುತ್ತದೆ. ನಿಯಮ ಮೊದಲು ಬದಲಿಸುವುದು ಆಡುತ್ತಿರುವವನ ಕಣ್ಣನ್ನು.

ಆಟಗಾರನ ಪುಟ ತೆರೆದರೆ ಹೆಸರಿನ ಬಳಿಯಲ್ಲೇ ಅವನ ದೇಶ, ಇದ್ದರೆ ಎರಡನೆಯ ದೇಶವೂ ಕಾಣುತ್ತದೆ. ಆಡಲು ಶುರುಮಾಡಿದ ಹೊಸತರಲ್ಲಿ ನಾನು ಮೊದಲು ನೋಡುತ್ತಿದ್ದದ್ದು ವೇಗ, ಪಾಸು, ಗುರಿ. ಕೆಲವು ತಿಂಗಳಾದ ಮೇಲೆ ಕಣ್ಣು ತಾನಾಗಿ ಮೊದಲು ದೇಶದ ಮೇಲೆ ಹೋಗತೊಡಗಿತು. 2021ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅರ್ಜೆಂಟೀನಾದ ಹುಡುಗನ ಎರಡನೆಯ ದೇಶ 'ಇಟಲಿ' ಎಂದಿದ್ದರೆ ಅದು ನಿಧಿ ಸಿಕ್ಕಂತೆ. ಅವನ ಅಜ್ಜನೋ ಮುತ್ತಜ್ಜನೋ ಯಾವುದೋ ಕಾಲದಲ್ಲಿ ಹಡಗು ಹತ್ತಿದ್ದ ಎಂಬುದು ಇವನ ಎಡಗಾಲಿನ ಹೊಡೆತಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಹೊಸ ನಿಯಮ ಬಂದ ದಿನ ಇಂಗ್ಲೆಂಡಿನ ಮಟ್ಟಿಗೆ ಆ ಇಟಲಿಯ ಅಜ್ಜನ ಬೆಲೆ ಸೊನ್ನೆಯಾಯಿತು. ಐರ್ಲೆಂಡಿನ ಅಜ್ಜನ ಬೆಲೆ ಉಳಿಯಿತು, ಏಕೆಂದರೆ ಐರಿಷ್ ಪೌರರಿಗೆ ಬ್ರಿಟನ್ನಿನಲ್ಲಿ ಪರ್ಮಿಟ್ ಬೇಡ. ಹುಡುಗ ಅವನೇ, ಆಟ ಅದೇ, ಕೊಳ್ಳುವವನ ಕಣ್ಣು ಮಾತ್ರ ಬೇರೆ. ವಂಶವೃಕ್ಷವನ್ನು ಮಾರುಕಟ್ಟೆಯ ದರಪಟ್ಟಿಯಂತೆ ಓದುವ ಅಭ್ಯಾಸ ಇಷ್ಟು ಸಲೀಸಾಗಿ ಮೈಗೂಡುತ್ತದೆ ಎಂಬುದನ್ನು ಯಾವ ಸಿದ್ಧಾಂತದ ಪುಸ್ತಕವೂ ನನಗೆ ಹೀಗೆ ತೋರಿಸಿರಲಿಲ್ಲ.

ಪರ್ಮಿಟ್ ಸಿಗದಿದ್ದರೂ ಆಟದಲ್ಲಿ ಒಂದು ಉಪಾಯವಿದೆ. ಹುಡುಗನನ್ನು ಕೊಂಡು, ನಿಯಮ ಸಡಿಲವಿರುವ ದೇಶದ ಕ್ಲಬ್ಬಿಗೆ ಎರವಲು ಕಳಿಸಿ, ಅಲ್ಲಿ ಅರ್ಹತೆ ಬೆಳೆದ ಮೇಲೆ ವಾಪಸು ಕರೆಸಿಕೊಳ್ಳುವುದು. ಅನುಭವಿ ಆಟಗಾರರು ಇದನ್ನು ಜಾಣತನ ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಇದು ಆಟದವರು ಕಟ್ಟಿದ ಕಥೆಯಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ 2004ರಲ್ಲಿ ಚೀನಾದ ಡಾಂಗ್ ಫಾಂಗ್‌ಜುವೊನನ್ನು ಕೊಂಡಿತು. ಪರ್ಮಿಟ್ ಸಿಗದ್ದರಿಂದ ಅವನನ್ನು ಬೆಲ್ಜಿಯಮ್ಮಿನ ರಾಯಲ್ ಆಂಟ್‌ವರ್ಪ್ ಕ್ಲಬ್ಬಿಗೆ ಕಳಿಸಿತು. ವರ್ಷಗಳ ನಂತರ ಇಂಗ್ಲೆಂಡಿಗೆ ಬಂದ ಡಾಂಗ್ ಪ್ರೀಮಿಯರ್ ಲೀಗಿನಲ್ಲಿ ಆಡಿದ್ದು ಒಂದೇ ಪಂದ್ಯ, 2007ರ ಮೇ ತಿಂಗಳಲ್ಲಿ ಚೆಲ್ಸಿಯ ಎದುರು. ಆರ್ಸೆನಲ್ ಕೊಂಡ ಬ್ರೆಜಿಲಿನ ವೆಲ್ಲಿಂಗ್ಟನ್ ಸಿಲ್ವಾ ಸ್ಪೇನಿನ ಒಂದು ಊರಿನಿಂದ ಇನ್ನೊಂದು ಊರಿಗೆ ಎರವಲು ಹೋಗುತ್ತಲೇ ಇದ್ದು, ಆರ್ಸೆನಲ್ ಪರ ಒಂದೂ ಅಧಿಕೃತ ಪಂದ್ಯ ಆಡದೆ 2016ರಲ್ಲಿ ಬ್ರೆಜಿಲಿಗೆ ಮರಳಿದ. ಅದೇ ವರ್ಷ ಅದೇ ಕ್ಲಬ್ ಜಪಾನಿನ ತಕುಮಾ ಅಸಾನೊನನ್ನು ಕೊಂಡಿತು. ಅವನಿಗೂ ಪರ್ಮಿಟ್ ಸಿಗಲಿಲ್ಲ. ಜರ್ಮನಿಯಲ್ಲಿ ಎರವಲಿನ ವರ್ಷಗಳನ್ನು ಕಳೆದು ಸರ್ಬಿಯಾಕ್ಕೆ ಮಾರಾಟವಾದ. 2022ರ ವಿಶ್ವಕಪ್ಪಿನಲ್ಲಿ ಜರ್ಮನಿಯನ್ನು ಜಪಾನ್ ಸೋಲಿಸಿದಾಗ ಗೆಲುವಿನ ಗೋಲು ಹೊಡೆದದ್ದು ಅವನೇ.

ಈ ಮೂವರ ಬದುಕನ್ನು ಮ್ಯಾನೇಜರನ ಕುರ್ಚಿಯಿಂದ ನೋಡಿದರೆ ಕೂಡದ ಮೂರು ಲೆಕ್ಕಗಳು. ಅವರವರ ಕಡೆಯಿಂದ ನೋಡಿದರೆ ಮೂರು ಕಾದಂಬರಿಗಳು: ಭಾಷೆ ಬಾರದ ಊರಿನ ಬಾಡಿಗೆ ಮನೆ, ಎಂದೂ ಹಾಕದ ಅಂಗಿ, ಇನ್ನೊಬ್ಬರ ಶ್ರೇಯಾಂಕದ ಮೇಲೆ ನಿಂತ ಕಾಯುವಿಕೆ. ಆಟ ಮೊದಲನೆಯದನ್ನು ಮಾತ್ರ ಬರೆಯುತ್ತದೆ.

*

ನಮಗೆ ಹತ್ತಿರದ ಹೆಸರೊಂದಿದೆ. 2009ರಲ್ಲಿ ಇಂಗ್ಲೆಂಡಿನ ಎರಡನೆಯ ಹಂತದ ಲೀಗಿನಲ್ಲಿದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಭಾರತದ ಸುನಿಲ್ ಛೆಟ್ರಿ ಜೊತೆ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅವರಿಗೆ ಆಗ 25 ವರ್ಷ. ಪರ್ಮಿಟ್ ನಿರಾಕರಣೆಯಾಯಿತು. ಕೊಟ್ಟ ಕಾರಣ, ಭಾರತ ಫಿಫಾದ ಮೊದಲ 70 ದೇಶಗಳಲ್ಲಿ ಇಲ್ಲ ಎಂಬುದು. ಅವರ ಆಟದ ಬಗ್ಗೆ ಆ ಕಾರಣದಲ್ಲಿ ಒಂದು ಮಾತೂ ಇಲ್ಲ. ಭಾರತದ ಪರ 90ಕ್ಕೂ ಹೆಚ್ಚು ಗೋಲು ಹೊಡೆದವರನ್ನು ತಡೆದದ್ದು ಅವರ ಜೊತೆಗಾರರ ಸೋಲುಗಳು, ಹುಟ್ಟಿದ ದೇಶದ ಮೈದಾನಗಳ ಸ್ಥಿತಿ, ದಶಕಗಳ ಆಡಳಿತ.

ಇದೇ ಘಟನೆ ಆಟದೊಳಗೆ ನಡೆದಿದ್ದರೆ? ಲಂಡನ್ನಿನಲ್ಲಿ ಕೂತ ಮ್ಯಾನೇಜರನಿಗೆ ಒಂದು ಪತ್ರ, ಒಂದು ಕ್ಲಿಕ್, ಮುಂದಿನ ಸ್ಟ್ರೈಕರನ ಹುಡುಕಾಟ. ನಿಜದಲ್ಲಿ ಆದದ್ದು ಬೇರೆ. ಛೆಟ್ರಿ ಗೋವಾದ ಡೆಂಪೊಗೆ ಆಡಿದರು, ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋಗಿಬಂದರು, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡದಲ್ಲಿ ಕೆಲಕಾಲ ಇದ್ದರು. 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ವರ್ಷವೇ ಆ ತಂಡ ಐ-ಲೀಗ್ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ಹಾಡುತ್ತ ನಿಲ್ಲುವವರ ಒಂದು ತಲೆಮಾರೇ ಅವರ ಸುತ್ತ ಬೆಳೆಯಿತು. ಲಂಡನ್ನಿನ ಒಂದು 'ಇಲ್ಲ' ನಮ್ಮ ಊರಿನ ಫುಟ್‌ಬಾಲಿಗೆ ಏನು ಕೊಟ್ಟಿತು ಎಂದು ಲೆಕ್ಕ ಹಾಕಿ ಸಮಾಧಾನಪಡಬಹುದು. ನನಗೆ ಆ ಸಮಾಧಾನ ಬೇಡ. ನಮಗೆ ಲಾಭವಾಯಿತು ಎಂಬುದು ಅವರಿಗಾದ ನಿರಾಕರಣೆಗೆ ಉತ್ತರವಾಗುವುದಿಲ್ಲ. ಕಥೆ ನಿರಾಕರಣೆಯಲ್ಲಿ ಮುಗಿಯಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಶಿವರಾಮ ಕಾರಂತರ 'ಚೋಮನ ದುಡಿ' ನನಗೆ ನೆನಪಾಗುವುದು ಇಲ್ಲಿ. ಒಪ್ಪಂದ ಕೈಯಲ್ಲಿರುವ ಫುಟ್‌ಬಾಲಿಗನನ್ನೂ ಚೋಮನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನನಗಿಲ್ಲ. ಇಬ್ಬರ ನೋವಿಗೂ ಹೋಲಿಕೆಯಿಲ್ಲ. ನಾನು ಹೋಲಿಸುತ್ತಿರುವುದು ಕಥೆ ಹೇಳುವವರು ಎಲ್ಲಿ ಕೂತಿದ್ದಾರೆ ಎಂಬುದನ್ನು. ಚೋಮನ ಬಳಿ ಎತ್ತುಗಳಿವೆ, ದುಡಿಯುವ ತೋಳಿದೆ. ಬೇಸಾಯಕ್ಕೆ ತುಂಡು ಭೂಮಿ ಬೇಕು. ಧಣಿಯ ಮನೆಯಲ್ಲಿ ಅದು ಒಂದು ಕೋರಿಕೆ, ಒಂದು ನಿರಾಕರಣೆ, ಅಷ್ಟೇ. ಕಾರಂತರು 1933ರಲ್ಲಿ ಮಾಡಿದ ಕೆಲಸವೆಂದರೆ, ಆ ನಿರಾಕರಣೆಯ ನಂತರ ಧಣಿಯ ಅಂಗಳದಲ್ಲಿ ನಿಲ್ಲದೆ ಚೋಮನ ಹಿಂದೆ ಅವನ ಗುಡಿಸಲಿಗೆ ನಡೆದದ್ದು. ಕಾದಂಬರಿಯ ಬಹುಭಾಗ ಇರುವುದೇ ಆ ನಡಿಗೆಯ ಆಚೆ. ಧಣಿಯ ಇನ್‌ಬಾಕ್ಸಿನಿಂದ ಬರೆದಿದ್ದರೆ ಅದು ಅರ್ಧ ಪುಟ.

*

ಇದಕ್ಕೊಂದು ಆಕ್ಷೇಪ ಇದೆ, ಹಾಸ್ಟೆಲ್ಲಿನ ಗೆಳೆಯರು ಹೇಳಿಯೂ ಇದ್ದಾರೆ: ಇದು ಮ್ಯಾನೇಜರನ ಆಟ, ಹೆಸರಲ್ಲೇ ಹೇಳಿದೆ, ಆಟಗಾರನ ಗುಡಿಸಲಿಗೆ ಅದು ಯಾಕೆ ಹೋಗಬೇಕು? ಆಕ್ಷೇಪದಲ್ಲಿ ಹುರುಳಿದೆ. ಆಟಕ್ಕೆ ಮನುಷ್ಯರ ಬಗ್ಗೆ ಕುತೂಹಲವೇ ಇಲ್ಲ ಎನ್ನುವುದೂ ಅನ್ಯಾಯ. ಹೊರದೇಶದಿಂದ ಬಂದವನು ಹೊಸ ಊರಿಗೆ ಹೊಂದಿಕೊಳ್ಳಲು ಒದ್ದಾಡುತ್ತಾನೆ, ಅವನನ್ನು ಭಾಷೆಯ ತರಗತಿಗೆ ಕಳಿಸಬಹುದು, ಅವನ ಭಾಷೆ ಆಡುವ ಇನ್ನೊಬ್ಬ ತಂಡದಲ್ಲಿದ್ದರೆ ಬೇಗ ನೆಲೆಯೂರುತ್ತಾನೆ. ಹೊಂದಿಕೊಳ್ಳುವ ಗುಣಕ್ಕೇ ನಮ್ಮ ಕಣ್ಣಿಗೆ ಕಾಣದ ಒಂದು ಅಂಕವೂ ಇದೆ. ಅಂದರೆ ಒಳಗೆ ಬಂದವನ ಒಂಟಿತನ ಆಟಕ್ಕೆ ಗೊತ್ತು. ಬಾಗಿಲಲ್ಲಿ ನಿಂತುಹೋದವನಿಗೆ ಮಾತ್ರ ಅಲ್ಲಿ ಪುಟವಿಲ್ಲ. ನನ್ನ ತಕರಾರು ಇರುವುದು ಈ ವ್ಯತ್ಯಾಸದ ಬಗ್ಗೆ.

ಆಟವೆಂಬ ಮಾಧ್ಯಮಕ್ಕೇ ಇದು ಸಾಧ್ಯವಿಲ್ಲ ಎಂದೂ ಅಲ್ಲ. ಲ್ಯೂಕಸ್ ಪೋಪ್ 2013ರಲ್ಲಿ ಮಾಡಿದ 'ಪೇಪರ್ಸ್, ಪ್ಲೀಸ್' ಎಂಬ ಸಣ್ಣ ಆಟವಿದೆ. ಅದರಲ್ಲಿ ನಾವು ಕಲ್ಪಿತ ದೇಶವೊಂದರ ಗಡಿಯಲ್ಲಿ ಕೂತು ಕಾಗದ ಪರಿಶೀಲಿಸುವ ನೌಕರ. ಗಂಡನ ಕಾಗದ ಸರಿಯಿದೆ, ಹಿಂದೆ ನಿಂತ ಹೆಂಡತಿಯದು ಸರಿಯಿಲ್ಲ. ಅವಳನ್ನು ಬಿಟ್ಟರೆ ನಮ್ಮ ಸಂಬಳಕ್ಕೆ ಕತ್ತರಿ ಬೀಳುವ ಭಯ, ಮನೆಯಲ್ಲಿ ಚಳಿ, ಹಸಿವು. 'ಇಲ್ಲ' ಎಂಬ ಮುದ್ರೆಯನ್ನು ನಮ್ಮ ಕೈಯಲ್ಲೇ ಒತ್ತಬೇಕು, ಅವಳು ಎದುರಿಗೇ ನಿಂತಿರುತ್ತಾಳೆ. ಅಲ್ಲಿ ನಿರಾಕರಣೆಗೆ ಮುಖವಿದೆ. ಫುಟ್‌ಬಾಲ್ ಮ್ಯಾನೇಜರಿನಲ್ಲಿ 'ಇಲ್ಲ' ಹೇಳುವುದು ನಾವಲ್ಲ, ಕೇಳುವುದೂ ಅವನಲ್ಲ. ಎಲ್ಲೋ ಒಂದು ಕಚೇರಿ ಹೇಳುತ್ತದೆ, ನಾವು ಕೇಳಿಸಿಕೊಳ್ಳುತ್ತೇವೆ. ನಷ್ಟವೂ ನಮ್ಮದೇ ಎನಿಸುತ್ತದೆ: ಛೆ, ಒಳ್ಳೆಯ ಆಟಗಾರ ಕೈತಪ್ಪಿದ. ನಿರಾಕರಣೆಗೆ ಒಳಗಾದವನ ದುಃಖವನ್ನೂ ನಮ್ಮ ಹೆಸರಿಗೆ ಬರೆಸಿಕೊಳ್ಳುವ ಈ ಏರ್ಪಾಟು ನನಗೆ ಆಟದ ಅತ್ಯಂತ ವಾಸ್ತವವಾದ ಅಂಶ ಎನಿಸುತ್ತದೆ. ಜಗತ್ತಿನ ದೊಡ್ಡ ಸಂಸ್ಥೆಗಳು ವೀಸಾ ನಿಯಮಗಳ ಬಗ್ಗೆ ಗೊಣಗುವುದೂ ಹೀಗೆಯೇ.

*

ಇದನ್ನೆಲ್ಲ ಇಂಗ್ಲೆಂಡಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಆಟ ಅದಕ್ಕೂ ಬಿಡುವುದಿಲ್ಲ. ಭಾರತದ ಕ್ಲಬ್ಬನ್ನು ಆರಿಸಿಕೊಂಡು ಆಡಿ ನೋಡಿ. ಐಎಸ್‌ಎಲ್‌ನಲ್ಲಿ 2021-22ರ ಹಂಗಾಮಿನಿಂದ ಒಮ್ಮೆಗೆ ಮೈದಾನದಲ್ಲಿ ನಾಲ್ವರು ವಿದೇಶಿಯರಿಗಷ್ಟೇ ಅವಕಾಶ. ನಮ್ಮ ಹುಡುಗರಿಗೆ ಜಾಗ ಬೇಕು ಎಂಬ ಕಾರಣಕ್ಕೆ ಐವರಿದ್ದದ್ದು ನಾಲ್ವರಾಯಿತು. ಆ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಆ ಕುರ್ಚಿಯಲ್ಲಿ ಕೂತ ಅರ್ಧ ಗಂಟೆಯಲ್ಲೇ ನೈಜೀರಿಯಾದವನೋ ಸ್ಪೇನಿನವನೋ ನನಗೆ ಮನುಷ್ಯನಾಗಿ ಕಾಣದೆ 'ಸ್ಲಾಟ್' ಆಗಿ ಕಾಣತೊಡಗುತ್ತಾನೆ. ಗಾಯಗೊಂಡರೆ ಸ್ಲಾಟ್ ದಂಡ. ಕುರ್ಚಿ ಲಂಡನ್ನಿನಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಕಣ್ಣು ಕಲಿಯುವ ಪಾಠ ಒಂದೇ.

ನಮ್ಮ ರಾಷ್ಟ್ರೀಯ ತಂಡದ ಬಾಗಿಲಿಗೂ ಬೀಗವಿದೆ. ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ಭಾರತದ ಪರ ಆಡಬಹುದು. ಎರಡು ಪೌರತ್ವ ಇಟ್ಟುಕೊಳ್ಳಲು ನಮ್ಮಲ್ಲಿ ಅವಕಾಶವಿಲ್ಲ. ತಂದೆಯ ಕಡೆಯಿಂದ ಭಾರತೀಯ ಮೂಲದ ಅರಾಟಾ ಇಝುಮಿ ಜಪಾನಿನ ಪೌರತ್ವ ಬಿಟ್ಟು ಭಾರತಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಜಗತ್ತಿನ ಎಷ್ಟೋ ಬಾಗಿಲುಗಳನ್ನು ಸಲೀಸಾಗಿ ತೆರೆಯುವ ಪುಸ್ತಕವನ್ನು ಕೊಟ್ಟು, ಛೆಟ್ರಿಯವರಿಗೆ ಲಂಡನ್ನಿನಲ್ಲಿ ಬಾಗಿಲು ತೆರೆಯದ ದೇಶದ ಪುಸ್ತಕವನ್ನು ಒಬ್ಬ ಆಟಗಾರ ಕೈಗೆತ್ತಿಕೊಳ್ಳುತ್ತಾನೆ. ಇದರ ಹಿಂದೆ ಎಂಥ ಯೋಚನೆ, ಎಂಥ ಮಾತುಕತೆ ನಡೆದಿರಬೇಕು! ಆಟದಲ್ಲಿ ಇದು ಹೆಸರಿನ ಬಳಿಯ ಒಂದು ಬಾವುಟ ಬದಲಾಗುವಷ್ಟು ಸಣ್ಣ ಸಂಗತಿ.

ನಾನು ಈ ಆಟ ಬಿಡುವುದಿಲ್ಲ. ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ಗಡಿಯ ನಿಯಮಗಳನ್ನು ಇಷ್ಟು ನಿಷ್ಠುರವಾಗಿ, ಇಷ್ಟು ವಿವರವಾಗಿ ಒಳಗೆ ಬಿಟ್ಟುಕೊಂಡ ಜನಪ್ರಿಯ ಕೃತಿಗಳು ತೀರಾ ಕಡಿಮೆ. ದೇಶಗಳಿಲ್ಲದ, ಪ್ರತಿಭೆಯೊಂದೇ ಮುಖ್ಯವಾದ ಕ್ರೀಡಾಲೋಕದ ಸಿಹಿ ಸುಳ್ಳನ್ನು ಅದು ಹೇಳುವುದಿಲ್ಲ. ಅದರ ಬಗ್ಗೆ ನನಗೆ ಗೌರವ ಇರುವುದು ಅದಕ್ಕೇ. ಆದರೆ ಅದು ತೋರಿಸುವ ಜಗತ್ತು ಪೂರ್ತಿ ಜಗತ್ತಲ್ಲ, ಒಂದು ಕುರ್ಚಿಯಿಂದ ಕಾಣುವಷ್ಟು ಜಗತ್ತು. ವಿಮರ್ಶೆಯ ಕೆಲಸ ಆ ಕುರ್ಚಿಯನ್ನು ಬೆರಳಿಟ್ಟು ತೋರಿಸುವುದು. ಮುಂದಿನ ಸಲ ಆ ಪತ್ರ ಬಂದಾಗ ಕಂಟಿನ್ಯೂ ಒತ್ತುವ ಮೊದಲು, ಪರ್ಮಿಟ್ ಸಿಗದ ಆ ಹುಡುಗನ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ. ಅವನು ಅಲ್ಲೇ ಇರುತ್ತಾನೆ, ಅದೇ ಹಳೆಯ ಕ್ಲಬ್ಬಿನಲ್ಲಿ, ಅದೇ ಅಂಕಗಳೊಂದಿಗೆ. ಅವನ ಕಡೆಯ ಕಥೆಯನ್ನು ಯಾರೂ ಬರೆದಿರುವುದಿಲ್ಲ, ಅಷ್ಟೇ.